ಅಂಗಿಯ ಮೇಲೆ ಇಲ್ಲದ ಕೂದಲು

ನಮ್ಮ ಬೀದಿಯ ಟೈಲರಕ್ಕ ಹೊಲಿದ ಅಂಗಿಯನ್ನೆಲ್ಲ ಬೆಕ್ಕಿನ ಕೂದಲು ಕೊಡವಿಯೇ ಗಿರಾಕಿಗೆ ಕೊಡುವವಳು. ಅವಳ ಗಂಡುಬೆಕ್ಕಿಗೆ ಹೊಸ ಬಟ್ಟೆಯೇ ಹಾಸಿಗೆ. ಮೊನ್ನೆ ಮಾತ್ರ ಕೊಡವಲು ಒಂದು ಕೂದಲೂ ಇರಲಿಲ್ಲ.

ಹುಡುಕಿದರೆ ಬೆಕ್ಕು ಮೆಷಿನ್ನಿನ ಹಿಂದೆ ಮುದುಡಿ ಕೂತಿತ್ತು. ಮೀನು ಕೊಟ್ಟರೆ ಮೂಸಲೂ ಇಲ್ಲ.

“ಸೋಮಾರಿತನ ಕಣೇ,” ಎಂದ ಗಂಡ, ಮಂಚದಿಂದ ಏಳದೆ.

ಅಕ್ಕ ಅದನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ದನದ ಡಾಕ್ಟರ ಬಳಿ ಓಡಿದಳು. ಉಚ್ಚೆ ಕಟ್ಟಿತ್ತು, ಇನ್ನೊಂದು ದಿನ ತಡವಾಗಿದ್ದರೆ ಬೆಕ್ಕು ಉಳಿಯುತ್ತಿರಲಿಲ್ಲ.

“ಹೇಗೆ ಗೊತ್ತಾಯ್ತಮ್ಮ?” ಎಂದರು ಡಾಕ್ಟರು.

“ಮೂಲೆ ಹಿಡೀತು, ಮೈ ನೆಕ್ಕೋದು ಬಿಡ್ತು, ಊಟಾನೂ ಬಿಡ್ತು ಸಾರ್. ನಮ್ಮನೆಯವರೂ ಮೂಲೆ ಹಿಡಿದು, ಸ್ನಾನ ಬಿಟ್ಟು ವರ್ಷಾಯ್ತು. ಆದ್ರೆ ತಟ್ಟೆ ಬಿಟ್ಟಿಲ್ಲ. ಅದಕ್ಕೇ ಅವರನ್ನ ತಂದಿಲ್ಲ.”