ಗೆರಟೆಯಲ್ಲಿ ಕೆಂಪು ನೀರು

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ಟ್ರಿಗೆ ಒಂದು ಹಟವಿತ್ತು. ಯಾವ ಜಾಗದ ಚಿತ್ರವೋ ಆ ಜಾಗದ ನೀರಿನಲ್ಲೇ ಬಣ್ಣ ಕಲಸಬೇಕು. ಬಾವಿಕಟ್ಟೆಯ ಚಿತ್ರಕ್ಕೆ ಆ ಬಾವಿಯದ್ದು, ಹೋಟೆಲಿನ ಚಿತ್ರಕ್ಕೆ ಅಲ್ಲಿನ ಹಂಡೆಯದ್ದು. ಅದಕ್ಕೆಂದೇ ಚೀಲದಲ್ಲಿ ಒಂದು ತೆಂಗಿನ ಗೆರಟೆ ಇರುತ್ತಿತ್ತು. “ಬೇರೆ ಊರಿನ ನೀರು ಕುಡಿದರೆ ಚಿತ್ರಕ್ಕೂ ಶೀತ ಆಗ್ತದೆ ಮಾರಾಯ್ರೇ” ಎನ್ನುತ್ತಿದ್ದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಿ.ಎ. ಮುಗಿಸಿ, ಮೂಡಬಿದ್ರೆಯಿಂದ ಪಾಣೆಮಂಗಳೂರಿಗೆ ಬಂದು ಭೂಗೋಳ ಹೇಳಿಕೊಡುತ್ತಿದ್ದೆ. ಡ್ರಾಯಿಂಗ್ ಮಾಸ್ಟ್ರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಚಿಕ್ಕಂದಿನ ಜ್ವರವೊಂದರಲ್ಲಿ ಎಡಗಾಲು ಸೊರಗಿತ್ತು. ರಜೆಯಲ್ಲಿ ಅವರ ಚಿತ್ರದ ಹಲಗೆ ಹೊತ್ತು ಜೊತೆಗೆ ಹೋಗುವುದು ನನಗೆ ಅಭ್ಯಾಸವಾಗಿತ್ತು.

ಅವರ ಮನೆಯ ಚಾವಡಿಯ ತುಂಬ ಮುಗಿಯದ ಚಿತ್ರಗಳು. ಬಾಗಿಲಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಬೆರಳಿರಲಿಲ್ಲ. ಹಂಚು ಇಳಿಸುವ ದೋಣಿಯ ಅಡಿಯಲ್ಲಿ ನೀರಿರಲಿಲ್ಲ. ಬೆಳ್ತಂಗಡಿ ಬಸ್ಸಿನ ಮೇಲಿನ ಕೋಳಿಬುಟ್ಟಿಯೊಂದೇ ಪೂರ್ತಿಯಾಗಿತ್ತು, ಬಸ್ಸು ಬರೀ ಗೆರೆ. ಕಣ್ಣಾರೆ ಸರಿಯಾಗಿ ಕಾಣದ್ದನ್ನು ಅವರು ಬರೆಯುತ್ತಿರಲಿಲ್ಲ. ಮತ್ತೆ ಕಾಣುವವರೆಗೆ ಆ ಜಾಗ ಖಾಲಿ.

ಆ ಮೇ ತಿಂಗಳಲ್ಲಿ ಅವರಿಗೆ ಹಿಡಿಸಿದ್ದು ನೇತ್ರಾವತಿಯ ಹೊಯಿಗೆಯ ಮೇಲಿನ ಒಂದು ಪಾತಿ. ಬೇಸಗೆಯಲ್ಲಿ ನದಿ ಬತ್ತಿ ಮರಳು ಎದ್ದ ಕಡೆ ಒಬ್ಬ ಮುದುಕಿ ಕೆಂಪು ಹರಿವೆ, ಮುಳ್ಳುಸೌತೆ ಬೆಳೆಸುತ್ತಿದ್ದಳು. ಅವಳು ಕೊಡಪಾನದಿಂದ ಗಿಡಗಳಿಗೆ ನೀರು ಹನಿಸುವುದನ್ನು ಬರೆಯಲು ಹರಿವಿನ ನಡುವಿನ ಬಂಡೆಯೇ ಸರಿ ಎಂದು ಮಾಸ್ಟ್ರು ನಿಶ್ಚಯಿಸಿದರು. ಹೊಯಿಗೆಯಿಂದ ಬಂಡೆಗೆ ಮೊಣಕಾಲುದ್ದ ನೀರು ದಾಟಿದರೆ ಸಾಕಿತ್ತು. ಎಂಟು ದಿನ ಹೋದೆವು. ಒಂಬತ್ತನೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು.

ಬಂಡೆಯ ಮೇಲೆ ಕುಳಿತು ಮಾಸ್ಟ್ರು ಗೆರಟೆ ಅದ್ದಿದರು. ನೋಡಿ ನನ್ನ ಕಡೆ ತಿರುಗಿದರು.

“ಏನು ಬಿ.ಎ. ಮಾಸ್ಟ್ರೇ, ನಿನ್ನೆ ಗೆರಟೆ ತೊಳೆದದ್ದು ನೀವಲ್ವಾ? ಹರಿವೆಯ ಬಣ್ಣ ಹಾಗೇ ಉಂಟು.”

“ಉಜ್ಜಿ ತೊಳೆದಿದ್ದೇನೆ.”

“ಕಾಲೇಜಿನಲ್ಲಿ ಗೆರಟೆ ತೊಳೆಯುವ ಪಾಠ ಇರಲಿಲ್ಲವೋ ಏನೋ!”

ನಾನು ನಗುತ್ತ ಇಸಿದುಕೊಂಡು ಹೊಯಿಗೆ ಹಾಕಿ ತಿಕ್ಕಿದೆ. ಅದ್ದಿದೆ. ಮತ್ತೆ ಕೆಂಪು. ಇನ್ನೊಮ್ಮೆ ತಿಕ್ಕಿದೆ. ಹಿಂದಿನ ಸಂಜೆ ಚಾರ್ಮಾಡಿ ಘಟ್ಟದ ಕಡೆ ಮಿಂಚು ಕಂಡಿತ್ತು. ಘಟ್ಟದಲ್ಲಿ ಮಳೆಯಾದರೆ ಕೆಳಗಿನ ನದಿ ಏರುತ್ತದೆ ಎಂದು ನಾನೇ ಮಕ್ಕಳಿಗೆ ನಕ್ಷೆ ತೋರಿಸಿ ಹೇಳಿದ್ದೆ. ಆದರೂ ಮೂರನೆಯ ಸಲ ಗೆರಟೆಯನ್ನೇ ಬೈದುಕೊಂಡು ತೊಳೆದೆ.

“ಲಕ್ಕ್‌ಲೆ ಮಾಸ್ಟ್ರೇ, ಲಕ್ಕ್‌ಲೆ!” ಏಳಿ, ಏಳಿ ಎಂದು ಮುದುಕಿ ಅತ್ತ ಕಡೆಯಿಂದ ಕಿರುಚಿದಳು.

ಆಗ ಗೆರಟೆ ಬಿಟ್ಟು ನದಿ ನೋಡಿದೆ. ನದಿಯೇ ಕೆಂಪಾಗಿತ್ತು. ತರಗೆಲೆ, ಕಸಕಡ್ಡಿ ತೇಲಿ ಬರುತ್ತಿದ್ದವು. ನಾವು ದಾಟಿ ಬಂದಿದ್ದ ಕಡೆ ಇಳಿದಾಗ ನೀರು ಸೊಂಟಕ್ಕೆ ಬಂತು. ಮಾಸ್ಟ್ರು ಒಂದು ಕೈಯಲ್ಲಿ ಹಲಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಇನ್ನೊಂದು ಕೈಯ ಮಣಿಕಟ್ಟನ್ನು ನಾನು ಹಿಡಿದಿದ್ದೆ.

“ಹಲಗೆ ಬಿಡಿ!”

“ಬಿಡುವುದಿಲ್ಲ. ನೀವು ನಡೆಯಿರಿ.”

ಮುದುಕಿ ಬೇಲಿಯ ಬಿದಿರೊಂದನ್ನು ಕಿತ್ತು ನೀರಿಗಿಳಿದು ನಮ್ಮ ಕಡೆ ಚಾಚಿದಳು. ಅವಳ ಹಿಂದೆ ಪಾತಿಯೊಳಗೆ ನೀರು ನುಗ್ಗುತ್ತಿತ್ತು. ಕೊಯ್ದಿಟ್ಟ ಸೌತೆಯ ಬುಟ್ಟಿ ಅಲ್ಲೇ ಇತ್ತು. ಅದರ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಕಾಲಡಿಯ ಹೊಯಿಗೆ ಜಾರಿತು. ನಾನು ಬಿದಿರನ್ನು ಹಿಡಿದುಕೊಂಡೆ. ಎರಡೂ ಕೈಯಿಂದ.

ಮಾಸ್ಟ್ರ ತಲೆ ಒಮ್ಮೆ ಮುಳುಗಿತು. ಮುದುಕಿ ನನ್ನನ್ನು ದಾಟಿ ಮುಂದೆ ಹೋಗಿ ಅವರ ಅಂಗಿಯ ಕಾಲರಿಗೆ ಕೈ ಹಾಕಿದಳು. ಹಲಗೆ ಸೇತುವೆಯ ಕಡೆ ತೇಲಿ ಹೋಯಿತು. ದಡದಲ್ಲಿ ಕೆಮ್ಮುತ್ತ ಕುಳಿತ ಮಾಸ್ಟ್ರನ್ನು ಅವಳು ತುಳುವಿನಲ್ಲಿ ಬಾಯಿತುಂಬ ಬೈದಳು. ಆಮೇಲೆ ತನ್ನ ಪಾತಿ ಇದ್ದ ಕಡೆ ತಿರುಗಿ ನೋಡಿದಳು.

ಅಂದಿನಿಂದ ಹಲ್ಲುಜ್ಜುವಾಗ, ಸೀಮೆಸುಣ್ಣ ಹಿಡಿದಾಗ ನನ್ನ ಕೈ ನೋಡಿಕೊಳ್ಳುತ್ತಿದ್ದೆ. ನಾನು ಮಣಿಕಟ್ಟು ಬಿಟ್ಟದ್ದು ಮಾಸ್ಟ್ರಿಗೆ ತಿಳಿಯಿತೋ, ಪ್ರವಾಹವೇ ಬಿಡಿಸಿತು ಎಂದುಕೊಂಡರೋ? ಕೇಳುವ ಧೈರ್ಯ ಬರಲಿಲ್ಲ. ಅವರ ಮನೆಗೆ ಹೋಗುವುದನ್ನೇ ಬಿಟ್ಟೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಅವರೇ ಕರೆದರು. ಚಾವಡಿಯಲ್ಲಿ ಹೊಸ ಹಲಗೆ ಇತ್ತು. ಕೆಂಪು ನೀರು, ಅದರಲ್ಲಿ ಎದೆಯವರೆಗೆ ನಿಂತ ಮುದುಕಿ, ಅವಳು ಚಾಚಿದ ಬಿದಿರು. ಬಿದಿರಿನ ಈಚೆ ತುದಿ ಖಾಲಿ. ಹತ್ತಿರ ಬೇರೊಂದು ಗೆರಟೆ, ಅದರಲ್ಲಿ ಆ ದಿನದ್ದೇ ಬಣ್ಣದ ಹೊಳೆನೀರು.

“ಮೂಲೆಯಲ್ಲಿರುವ ಆ ಕೊಕ್ಕೆಕೋಲು ಹಿಡಿಯಿರಿ ನೋಡುವ. ಕೈ ಬೇಕು ನನಗೆ.”

ಒಂದು ಕೈಯಲ್ಲಿ ಹಿಡಿದೆ. ಅವರು ಪೆನ್ಸಿಲ್ ಎತ್ತಲಿಲ್ಲ.

“ಹಾಗಲ್ಲ. ಎರಡೂ ಕೈ.”

ಎರಡೂ ಕೈಯಲ್ಲಿ ಹಿಡಿದೆ. “ಮಾಸ್ಟ್ರೇ, ಆ ದಿನ ನಾನು ನಿಮ್ಮ ಕೈ...”

“ಗೊತ್ತುಂಟು. ನಾನು ನೋಡಿದ್ದೇನಲ್ಲ. ಹಲಗೆ ಬಿಡಿ ಅಂತ ನೀವು ಹೇಳಿದ್ದೂ ಕೇಳಿದ್ದೇನೆ. ಅಲ್ಲಾಡಬೇಡಿ.”

ಅಲ್ಲಾಡದೆ ನಿಲ್ಲಲು ನನ್ನಿಂದಾಗಲಿಲ್ಲ. ಕೋಲು ನಡುಗುತ್ತಲೇ ಇತ್ತು. ಅವರು ಸ್ವಲ್ಪ ಹೊತ್ತು ನೋಡಿ, ಆ ನಡುಗುವ ಕೈಯನ್ನೇ ಬರೆದರು.