ಆ ಭಾನುವಾರ ಎಲ್ಲರ ಫೋನಿನಲ್ಲಿ

ಯಳಂದೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಾಗ ನಮಗೆ ಫೋನು ಸಿಗುತ್ತಿದ್ದುದು ಭಾನುವಾರ ಮಾತ್ರ. ತಿಂಡಿಯಾದ ಮೇಲೆ ವಾರ್ಡನ್ ಮೇಡಂ ಬೀರು ತೆಗೆದು ಒಬ್ಬೊಬ್ಬರ ಹೆಸರು ಕೂಗಿ ಕೊಡುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸು ಇಸಿದುಕೊಳ್ಳುತ್ತಿದ್ದರು. ಅಂಥ ಒಂದು ಭಾನುವಾರ ನಾನೂ ಪಕ್ಕದ ಹಾಸಿಗೆಯ ಗೆಳತಿಯೂ ಸೇರಿ ಸೋಷಿಯಲ್ ಮೀಡಿಯಾದಲ್ಲಿ ಅಕೌಂಟ್ ತೆರೆದೆವು.

ನಾನು ಮುಳ್ಳೂರಿನ ಬಯಲಿನವಳು, ಅವಳು ಲೊಕ್ಕನಹಳ್ಳಿಯ ಕಾಡಂಚಿನವಳು. ನಮ್ಮ ಮುಖ ಹಾಕಲು ಇಬ್ಬರಿಗೂ ಧೈರ್ಯವಿರಲಿಲ್ಲ. ನಾನು ಗುಲಾಬಿ ಹೂ ಹಾಕಿದೆ, ಅವಳು ಎಲ್ಲೋ ಸಿಕ್ಕಿದ ಮಗುವಿನ ಚಿತ್ರ ಹಾಕಿದಳು.

"ಕೂಸು ಯಾರ್ದಮ್ಮಿ?"

"ನಂದೇ ಕಣಮ್ಮಿ. ನಿಂಗೆ ಏಳೇ ಇಲ್ವಾ?"

ನಕ್ಕು ನಕ್ಕು ಹೊಟ್ಟೆ ನೋವು ಬಂತು. ಪರದೆಯ ಮೂಲೆಯಲ್ಲಿ ಕೆಂಪು ಅಂಕಿ ಮೂಡಿದರೆ ಸಾಕು, ಯಾರೋ ಮನೆ ಬಾಗಿಲಿಗೆ ಬಂದು ಕೂಗಿದಂತೆ ಎದೆ ಹಾರುತ್ತಿತ್ತು. ಅವಳ ಊರಿನ ಹುಡುಗರದೊಂದು ಗ್ರೂಪ್ ಇತ್ತು. ಅದಕ್ಕೆ ಸೇರಿದ ಮೇಲಂತೂ ಅವಳಿಗೆ ಭಾನುವಾರವೆಂದರೆ ಊರಿಗೆ ಹೋಗಿ ಬಂದ ಹಾಗೆ. ಆನೆ ತುಳಿದ ಜೋಳದ ಹೊಲದಲ್ಲಿ ಹೆಗಲ ಮೇಲೆ ಟವಲು ಹಾಕಿಕೊಂಡು ನಿಂತ ಅವಳ ಅಪ್ಪನ ಫೋಟೋವನ್ನು ಯಾರೋ ಹಾಕಿದ್ದರು. "ನೋಡ್ರಮ್ಮಿ, ನಮ್ಮಪ್ಪ! ಎಷ್ಟು ಲೈಕ್ ಬಂದದೆ!" ಎಂದು ಅದನ್ನು ಅಡುಗೆಯವರವರೆಗೂ ಹೊತ್ತುಕೊಂಡು ಹೋಗಿ ತೋರಿಸಿದ್ದಳು. ಬೆಳೆ ಹಾಳಾದದ್ದಕ್ಕೆ ಲೈಕು ಏಕೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಅದಾಗಿ ಕೆಲವು ವಾರಗಳಿಗೆ, ಮತ್ತೊಂದು ಭಾನುವಾರ, ಅವಳು ಬಟ್ಟೆ ಒಗೆಯಲು ಕಲ್ಲಿನ ಬಳಿ ಹೋಗಿದ್ದಾಗ ನಾನು ನನ್ನ ಫೋನು ತೆರೆದೆ. ಅವಳ ಒತ್ತಾಯಕ್ಕೆ ನಾನೂ ಆ ಗ್ರೂಪಿಗೆ ಸೇರಿದ್ದೆ. ಮೊದಲು ಕಂಡದ್ದು ಒಂದು ಕಂಬಳಿ. ಅದರ ಅಂಚನ್ನು ಒಂದು ಕೈ ಎತ್ತಿ ಹಿಡಿದಿತ್ತು. ಕೈಯ ಮಣಿಕಟ್ಟಿನಲ್ಲಿ ಕೆಂಪು ದಾರ. ಕಂಬಳಿಯ ಕೆಳಗೆ, ಹಿಂದಿನ ಫೋಟೋದಲ್ಲಿದ್ದ ಅದೇ ಟವಲು, ಅವಳ ಅಪ್ಪ. "ಆನೆ ದಾಳಿಗೆ ರೈತ ಬಲಿ. ಎಲ್ಲರೂ ಶೇರ್ ಮಾಡಿ" ಎಂದು ಬರೆದಿತ್ತು.

ಆ ಕಡೆ ಆನೆ ತುಳಿದು ಯಾರಾದರೂ ಸತ್ತರೆ, ಹನೂರಿನಿಂದ ಅರಣ್ಯ ಇಲಾಖೆಯ ಸಾಹೇಬರು ಬಂದು ಜನರೆದುರು ಪರಿಹಾರದ ಮಾತು ಕೊಡುವವರೆಗೆ ಹೆಣ ಎತ್ತುವುದಿಲ್ಲ. ಸತ್ತವನಿಗಾಗಿ ಊರು ಮಾಡುವ ಕೊನೆಯ ಜಗಳ ಅದು. ಅಲ್ಲಿಯವರೆಗೆ ಹೊಲದ ಬದುವಿನಲ್ಲಿ ಊರೆಲ್ಲ ಕೂತಿರುತ್ತದೆ. ಹಿಂದೆ ಬೀಡಿ ಸೇದುತ್ತ ಕೂರುತ್ತಿದ್ದರಂತೆ. ಈಗ ಎಲ್ಲರ ಕೈಯಲ್ಲೂ ಫೋನು.

ಕೆಳಗಿನ ಕಾಮೆಂಟುಗಳನ್ನು ನಾನು ಓದಿದೆ. ಓದಬಾರದಿತ್ತು. ಅಳುವ ಮುಖಗಳು, ಮುಗಿದ ಕೈಗಳು. ಅವುಗಳ ನಡುವೆ ಒಬ್ಬ ಬರೆದಿದ್ದ: "ಮೊಕ ಕಾಣ್ತಿಲ್ಲ ಕಣ್ಲಾ, ಸರಿಯಾಗಿರೋದು ಆಕು." ಅದಕ್ಕೆ ಉತ್ತರ: "ಇರ್ಲಾ, ಆಕ್ತೀನಿ." ಹಾಕಿದ್ದ. ಎರಡನೆಯ ಫೋಟೋದಲ್ಲಿ ಕಂಬಳಿಯನ್ನು ಇನ್ನಷ್ಟು ಸರಿಸಿದ್ದರು. ಅಂದರೆ ಆ ಕೈ ಮತ್ತೊಮ್ಮೆ ಬಗ್ಗಿತ್ತು.

ಮೇಡಂ ಬಳಿ ಓಡಿದೆ. ಅವರಿಗೆ ಆಗಲೇ ಅವಳ ಊರಿನಿಂದ ಕಾಲ್ ಬಂದಿತ್ತು. "ಅವಳ ಮಾವ ಹೊರಟಿದ್ದಾರೆ. ಹುಷಾರಿಲ್ಲ ಅಂತಷ್ಟೇ ಹೇಳಿ ಕರ್ಕೊಂಡು ಹೋಗ್ತಾರೆ. ನೀನೂ ಜೊತೆಗೆ ಹೋಗು. ಅವಳ ಫೋನ್ ಮಾತ್ರ ಅವಳ ಕೈಗೆ ಕೊಡಬೇಡ" ಎಂದರು.

ನಮ್ಮಲ್ಲಿ ದೂರದಲ್ಲಿರುವವರಿಗೆ ಸಾವನ್ನು ನೇರವಾಗಿ ಹೇಳುವುದಿಲ್ಲ, ಹುಷಾರಿಲ್ಲ ಎನ್ನುತ್ತಾರೆ. ಅದು ಸುಳ್ಳು ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಅನುಮಾನ. ಆದರೂ ಆ ಸುಳ್ಳಿನ ಆಸರೆಯಲ್ಲಿ ಮನುಷ್ಯ ಮನೆಯವರೆಗೆ ಬಂದುಬಿಡುತ್ತಾನೆ. ಅಲ್ಲಿ ತಾಯಿಯ ಕೈ ಹೆಗಲ ಮೇಲಿರುತ್ತದೆ. ಆಮೇಲೆ ಹಿರಿಯರೊಬ್ಬರು ಮುಖ ತೋರಿಸುತ್ತಾರೆ. ಅವಳು ಅಪ್ಪನನ್ನು ಹಾಗೆ ನೋಡಬೇಕಿತ್ತು. ಅಷ್ಟನ್ನು ಉಳಿಸುವುದು ನನ್ನ ಕೆಲಸವಾಗಿತ್ತು.

"ಲೇ, ನಿನ್ ಫೋನ್ ಕೊಡು. ನಂದ್ರಲ್ಲಿ ಚಾರ್ಜ್ ಇಲ್ಲ" ಎಂದೆ, ಒಗೆಯುವ ಕಲ್ಲಿನ ಬಳಿ ಹೋಗಿ.

"ಯಾವನ್ಗೆ ಕಾಲ್ ಮಾಡೀಯೆ? ಎಸ್ರು ಏಳು, ಕೊಡ್ತೀನಿ" ಎಂದು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕೊಟ್ಟಳು. ಅದನ್ನು ಆಫ್ ಮಾಡಿ ನನ್ನ ಬ್ಯಾಗಿನ ತಳಕ್ಕೆ ಹಾಕಿಕೊಂಡೆ.

ಅವಳ ಸೋದರಮಾವ ಬಾಡಿಗೆ ಕಾರಿನಲ್ಲಿ ಬಂದ. "ನಿಮ್ಮಪ್ಪಂಗೆ ವಸಿ ಉಸಾರಿಲ್ಲ ಕಣವ್ವ, ಬಾ ಓಗ್ಬುಟ್ಟು ಬರಾನ."

"ಯಾವ ಆಸ್ಪತ್ರೆ ಮಾವ?"

"ಕೊಳ್ಳೇಗಾಲ್ದಾಗೆ."

ಕೊಳ್ಳೇಗಾಲ ಬಂತು. ಆಸ್ಪತ್ರೆಯ ತಿರುವು ಹಿಂದಾಯಿತು. "ಮಾವ, ಆಸ್ಪತ್ರೆ ಇಂದುಕಾಯ್ತು" ಎಂದಳು. "ಮನಿಗೆ ಕರ್ಕಂಡು ಓದ್ರಂತೆ ಕಣವ್ವ" ಎಂದ ಮಾವ, ಕಿಟಕಿಯ ಕಡೆ ನೋಡುತ್ತ. ಅವಳು ನನ್ನ ಕೈ ಹಿಡಿದುಕೊಂಡಳು. ಆ ಸುಳ್ಳು ಕೆಲಸ ಮಾಡುತ್ತಿತ್ತು.

ಕೊಳ್ಳೇಗಾಲ ದಾಟುವ ಮುನ್ನ ಡೀಸೆಲ್ ಹಾಕಿಸಲು ನಿಲ್ಲಿಸಿದರು. ಪಂಪಿನಲ್ಲಿ ಕೆಲಸಕ್ಕಿದ್ದವರು ನಮ್ಮ ಅಪ್ಪಂದಿರ ವಯಸ್ಸಿನವರು, ಹಣೆಗೆ ವಿಭೂತಿ ಇಟ್ಟಿದ್ದರು, ಮಾತು ಮೆತ್ತಗಿತ್ತು.

"ಯಾವ ಕಡಿಕೆ?" ಎಂದು ಡ್ರೈವರನ್ನು ಕೇಳಿದರು.

"ಲೊಕ್ಕನಳ್ಳಿ."

"ಅಯ್ಯೋ, ಅಲ್ಲೇ ಅಲ್ವರಾ ಆನೆ ತುಳ್ದಿರಾದು? ನೋಡ್ನಿಲ್ವಾ ನೀವು?" ಎನ್ನುತ್ತ, ಒಂದು ಕೈಯಲ್ಲಿ ಪೈಪು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಜೇಬಿನ ಫೋನು ತೆಗೆದು, ಹೆಬ್ಬೆರಳಲ್ಲಿ ತಳ್ಳಿ, ನಮ್ಮ ಕಿಟಕಿಗೆ ಹಿಡಿದರು. ಎರಡನೆಯ ಫೋಟೋ. ಮಾವ ಕೈ ಅಡ್ಡ ಹಾಕುವಷ್ಟರಲ್ಲಿ ಅವಳು ನೋಡಿದ್ದಳು.

"ನಮ್ಮಪ್ಪ ಅದು" ಎಂದಳು. ಕೂಗಲಿಲ್ಲ.

ಆ ಮನುಷ್ಯ ಫೋನನ್ನು ತಕ್ಷಣ ಕೆಳಗಿಳಿಸಲಿಲ್ಲ. ಪರದೆಯನ್ನೊಮ್ಮೆ ನೋಡಿ, ಅವಳ ಮುಖವನ್ನು ನೋಡಿ, ಮತ್ತೆ ಪರದೆ ನೋಡಿದರು. ಹೋಲಿಕೆ ನೋಡಿದರು. ಅವರು ಕೆಟ್ಟವರಲ್ಲ; ಆಮೇಲೆ ಅವರ ಕಣ್ಣಲ್ಲಿ ನೀರು ಬಂತು. ಆದರೂ ನನಗೆ ಇಂದಿಗೂ ಹೇಸಿಗೆಯಾಗುವುದು ಕಾಮೆಂಟು ಬರೆದ ಹುಡುಗರಿಗಿಂತ ಆ ಒಂದು ಗಳಿಗೆಯ ಬಗ್ಗೆಯೇ. ನನ್ನ ಬ್ಯಾಗಿನಲ್ಲಿದ್ದ ಫೋನನ್ನು ನಾನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೇ ಇದ್ದೆ.

ಹೊಲ ತಲುಪಿದಾಗ ಸಾಹೇಬರು ಬಂದು ಮಾತು ಮುಗಿಸಿದ್ದರು. ಜನ ದಾರಿ ಬಿಟ್ಟರು. ತಾಯಿ ಎದ್ದು ಬಂದು ಅವಳನ್ನು ತಬ್ಬಿಕೊಂಡು ಕಂಬಳಿಯ ಬಳಿಗೆ ನಡೆಸಿದರು. ಊರಿನ ಹಿರಿಯರೊಬ್ಬರು ಕಂಬಳಿಯ ತುದಿಗೆ ಕೈ ಹಾಕಿ, "ಬಾ ಮಗ, ನಿಮ್ಮಪ್ಪನ್ನ ನೋಡ್ಕೊ" ಎಂದರು.

"ಬ್ಯಾಡ ತಾತ" ಎಂದಳು. "ನೋಡಾಯ್ತು."

ತಾಯಿಗೆ ಅರ್ಥವಾಗಲಿಲ್ಲ. ಮಗಳಿಗೆ ಬುದ್ಧಿ ಕಲಕಿತೇನೋ ಎಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು. ಮಾವ ನೆಲ ನೋಡುತ್ತ ನಿಂತಿದ್ದ. ಅವಳು ಕಂಬಳಿಗೆ ಬೆನ್ನು ಹಾಕಿ ಕೂತವಳು, ಗಾಡಿ ಬಂದು ಹೆಣ ಎತ್ತುವವರೆಗೂ ತಿರುಗಲಿಲ್ಲ.