ಕಾಕಾ ಕೇಳಿದ ವನ್ಸ್ ಮೋರ್

ಧಾರವಾಡದಲ್ಲಿ ಗಿಟಾರ್ ಬಾರಿಸುವವನಿಗೆ ಅಂಥ ಮರ್ಯಾದೆಯೇನೂ ಇಲ್ಲ. ಅಲ್ಲಿ ಓಣಿಗೊಬ್ಬರಾದರೂ ಒಂದೇ ರಾಗವನ್ನು ವರ್ಷಗಟ್ಟಲೆ ತಿಕ್ಕಿ ತೀಡಿದವರು ಸಿಗುತ್ತಾರೆ. ಮಾಳಮಡ್ಡಿಯ ಹಿರಿಯರೊಬ್ಬರು ನನ್ನ ಗಿಟಾರನ್ನು ಸ್ವಲ್ಪ ಹೊತ್ತು ಕೇಳಿ, "ಶ್ರುತಿ ಮಾಡೂದು ಮುಗದಿದ್ರ ಶುರು ಮಾಡ್ರಿ" ಎಂದಿದ್ದರು. ನಾನು ಆಗಲೇ ಅರ್ಧ ಹಾಡು ಮುಗಿಸಿದ್ದೆ.

ಆದರೂ ಬಿಟ್ಟವನಲ್ಲ. ಹಗಲೆಲ್ಲ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಕಾರ ಜೊತೆ ಅಂಗಡಿ. ದಾರ, ಗುಂಡಿ, ಲೇಸು, ಸೀರೆಗೆ ಹಚ್ಚುವ ಫಾಲು, ಇಂಥವೇ ನಮ್ಮ ಸಾಮಾನು. ಶನಿವಾರ ಸಂಜೆಯಾದರೆ ಗಿಟಾರ್ ಹೆಗಲಿಗೇರಿಸಿ ಧಾರವಾಡದ ಬಸ್ಸು ಹತ್ತುತ್ತೇನೆ. ಅಲ್ಲಿ ಒಂದು ಕಾಫಿ ಅಂಗಡಿಯ ಮಹಡಿಯ ಮೇಲೆ ಓಪನ್ ಮೈಕ್ ನಡೆಯುತ್ತದೆ. ಹೆಸರು ಕೊಟ್ಟವರು ಸರದಿಯಂತೆ ಮೈಕಿನ ಮುಂದೆ ಬಂದು ಹಾಡಬಹುದು, ಕವಿತೆ ಓದಬಹುದು, ಜನರನ್ನು ನಗಿಸಬಹುದು. ಒಬ್ಬರಿಗೆ ಒಂದೇ ಸಲ. ಬರುವವರು ಹೆಚ್ಚಾಗಿ ಕೋಚಿಂಗ್ ಕ್ಲಾಸಿನ ಹುಡುಗ ಹುಡುಗಿಯರು. ವಾರವೆಲ್ಲ ಪರೀಕ್ಷೆಗೆ ಓದಿ ತಲೆ ಕೆಡಿಸಿಕೊಂಡು, ಶನಿವಾರ ಬಂದು ಪ್ರೀತಿ ಕೈಕೊಟ್ಟಿತೆಂದು ಕವಿತೆ ಓದುತ್ತಾರೆ. ಅವರ ನಡುವೆ ತಲೆ ನೆರೆತವನು ನಾನೊಬ್ಬನೇ. ಅಂಕಲ್ ಅನ್ನುತ್ತಾರೆ, ಕುರ್ಚಿ ಬಿಟ್ಟುಕೊಡುತ್ತಾರೆ. ಚಪ್ಪಾಳೆಯನ್ನಂತೂ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಡೆಯುತ್ತಾರೆ. ಜೀವ ತುಂಬಿ ಹಾಡಿದವನಿಗೂ ಅಷ್ಟೇ, ನಡುವೆ ಸಾಲು ಮರೆತು ನಿಂತವನಿಗೂ ಅಷ್ಟೇ.

ಒಳ್ಳೆಯ ಮಕ್ಕಳು, ಇಲ್ಲ ಅನ್ನುವುದಿಲ್ಲ. ಆದರೆ ಆ ಚಪ್ಪಾಳೆಯಿಂದ ನನ್ನ ಹೊಟ್ಟೆ ತುಂಬುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಬ್ಬರದೇ ಮೆಚ್ಚುಗೆ, ಕಾಕಾರದು.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ನನ್ನನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕೂಡಿಸಿಕೊಂಡು ವ್ಯಾಪಾರ ಕಲಿಸಿದವರು. ಸಂಗೀತ ಕಲಿತವರಲ್ಲ, ಬರೀ ನಾಟಕದ ಹುಚ್ಚು. ಹುಬ್ಬಳ್ಳಿಯಲ್ಲಿ ಕಂಪನಿ ನಾಟಕದವರು ಟೆಂಟು ಹೊಡೆದರೆ ಕಾಕಾ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಶಾಲೆ ಕಲಿಯುವಾಗ ನಾನೂ ಬೆನ್ನು ಹತ್ತುತ್ತಿದ್ದೆ. ಆ ನಾಟಕಗಳಲ್ಲಿ ಒಂದು ಪದ್ಧತಿ ಇತ್ತು. ಹಾಡು ಮನಸ್ಸಿಗೆ ಹಿಡಿಸಿದರೆ ಜನ "ವನ್ಸ್ ಮೋರ್" ಎಂದು ಕೂಗುವರು. ನಟ ಕಥೆಯನ್ನು ಅಲ್ಲಿಗೇ ಬಿಟ್ಟು ಅದೇ ಹಾಡನ್ನು ಮತ್ತೆ ಮೊದಲಿನಿಂದ ಹಾಡಬೇಕು. ಒಮ್ಮೆ ಚೂರಿ ಚುಚ್ಚಿಸಿಕೊಂಡ ನಾಯಕನೊಬ್ಬ ಹಾಡುತ್ತ ಹಾಡುತ್ತ ಸತ್ತ. ಕಾಕಾ ಎದ್ದು ನಿಂತು ವನ್ಸ್ ಮೋರ್ ಕೂಗಿದರು. ಹೆಣ ಎದ್ದಿತು, ಧೋತರ ಸರಿಮಾಡಿಕೊಂಡಿತು, ಕಾಕಾರ ಕಡೆ ತಿರುಗಿ ಕೈ ಮುಗಿಯಿತು, ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸತ್ತಿತು. ನನಗೆ ನಗು ತಡೆಯಲಿಲ್ಲ. ತಿರುಗಿ ನೋಡಿದರೆ ಕಾಕಾ ಕಣ್ಣೊರೆಸಿಕೊಳ್ಳುತ್ತಿದ್ದರು.

ಹಾಗೆಂದು ಕಂಡಕಂಡವರಿಗೆಲ್ಲ ಕೂಗುವವರಲ್ಲ. ಎಷ್ಟೋ ನಾಟಕಗಳನ್ನು ತುಟಿ ಬಿಚ್ಚದೆ ನೋಡಿ ಎದ್ದು ಬಂದಿದ್ದಾರೆ. "ನಾವು ಕೇಳಿದ್ವಿ ಅಂದ್ರ ಅಂವಾ ಮತ್ತ ಹಾಡಬೇಕು. ಪಾಪ, ದಣದಿರ್ತಾನ. ಸುಮ್‌ಸುಮ್ಕ ಕೇಳಬಾರದು" ಎನ್ನುತ್ತಿದ್ದರು.

ನನ್ನ ಗಿಟಾರಿನ ಬಗ್ಗೆ ಕಾಕಾರಿಗೆ ದೊಡ್ಡ ಅಭಿಪ್ರಾಯವಿರಲಿಲ್ಲ. ಮನೆಯಲ್ಲಿ ಬಾರಿಸುತ್ತ ಕೂತರೆ ಬಾಗಿಲಲ್ಲಿ ನಿಂತು ಕೇಳುವರು. "ಸಾಥ್ ಛಲೋ ಕೊಡಾಕತ್ತೀಯಪಾ. ಹಾಡವ್ರು ಯಾವಾಗ ಬರ್ತಾರ?" ಎಂದು ಹೋಗಿಬಿಡುವರು. ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ಎರಡು ವರ್ಷದ ಹಿಂದೆ ನಾನೇ ಒಂದು ಹಾಡು ಕಟ್ಟಿದೆ. ನಮ್ಮ ಅಂಗಡಿಯ ಹಾಡೇ. ಹೊತ್ತು ಮುಳುಗುವಾಗ ಯಾರೋ ಹೆಣ್ಣುಮಗಳು ರವಿಕೆ ಬಟ್ಟೆ ಹಿಡಿದು ಬರುತ್ತಾಳೆ, ಅಂಗಡಿಯವನು ದಾರದ ಉಂಡೆ ತೆಗೆದುಕೊಂಡು ಬೀದಿಗಿಳಿಯುತ್ತಾನೆ, ಉಳಿದಷ್ಟು ಬೆಳಕಿನಲ್ಲಿ ಬಣ್ಣಕ್ಕೆ ಬಣ್ಣ ಹಿಡಿದು ನೋಡುತ್ತಾನೆ. ಬಲ್ಬಿನ ಬೆಳಕನ್ನು ನಂಬದ ಆ ಅಂಗಡಿಯವನು ಕಾಕಾನೇ. ಅವರಿಗೆ ಮಾತ್ರ ಹೇಳಿರಲಿಲ್ಲ.

ಹಾಡು ಹದಕ್ಕೆ ಬಂದ ಮೇಲೆ ಒಂದು ದಿನ, "ಈ ಶನಿವಾರ ನೀವೂ ಬರ್ರಿ ಕಾಕಾ" ಎಂದೆ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೋಪಿ ಹಾಕಿ, ಮದುವೆಗೆ ಹೊರಟವರ ಹಾಗೆ ತಯಾರಾದರು. ಕಾಫಿ ಅಂಗಡಿಯಲ್ಲಿ ಮುಂದಿನ ಸಾಲಿನಲ್ಲೇ ಕೂತರು. ಹುಡುಗರ ಕವಿತೆಗಳನ್ನು ಗಂಭೀರವಾಗಿ ಕೇಳಿದರು.

ನನ್ನ ಸರದಿ ಬಂತು. ಮೊದಲ ನುಡಿ ಮುಗಿಸಿ ಎರಡನೆಯದಕ್ಕೆ ಹೊರಳುವ ಮುಂಚೆ ನಾನು ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತೇನೆ. ಆ ಸಂದಿನಲ್ಲಿ ಕಾಕಾ ಎದ್ದು ನಿಂತರು. ಕೈ ಎತ್ತಿ, "ವನ್ಸ್ ಮೋರ್!" ಎಂದರು.

ಟೆಂಟಿನ ಕೊನೆಯ ಸಾಲಿನಿಂದ ರಂಗದವರೆಗೆ ಮುಟ್ಟುತ್ತಿದ್ದ ದನಿ ಅದು. ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಬೆಚ್ಚಿಬಿದ್ದರು. ಕಾರ್ಯಕ್ರಮ ನಡೆಸುವ ಹುಡುಗಿ ಪಾಪ ಮೃದುವಾಗಿಯೇ ಹೇಳಿದಳು: "ಅಂಕಲ್, ಇಲ್ಲಿ ಒಬ್ಬರಿಗೆ ಒಂದ ಚಾನ್ಸ್ ರಿ. ಇನ್ನೂ ಭಾಳ ಮಂದಿ ಅದಾರ. ಅವರು ಮುಗಸ್ಲಿ, ನೀವು ಕುಂದರ್ರಿ." ಹುಡುಗರು ನಕ್ಕರು. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನೂ ಅವರ ಜೊತೆ ಸ್ವಲ್ಪ ನಕ್ಕು, ಎರಡನೆಯ ನುಡಿ ಎತ್ತಿಕೊಂಡೆ.

ಕಾಕಾ ಇನ್ನೂ ನಿಂತೇ ಇದ್ದರು. ಹಾಡು ಮೊದಲಿಗೆ ಮರಳುತ್ತದೆಂದು ಕಾಯುತ್ತಿದ್ದರು. ಮರಳುವುದಿಲ್ಲ ಎಂದು ತಿಳಿದ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಮೊದಲಿನಿಂದ ಹಾಡಿದ್ದರೆ ಯಾರು ನನ್ನನ್ನು ಗಲ್ಲಿಗೇರಿಸುತ್ತಿದ್ದರು? ಆ ಹುಡುಗಿ ತುಸು ಮುಖ ಗಂಟಿಕ್ಕುತ್ತಿದ್ದಳು, ಮುಂದಿನ ಹುಡುಗನ ಭಗ್ನಪ್ರೇಮ ನಾಲ್ಕು ನಿಮಿಷ ತಡವಾಗುತ್ತಿತ್ತು. ಅಷ್ಟೇ.

ಮರಳುವಾಗ ಬಸ್ಸು ನವನಗರ ದಾಟಿತು. ಕಾಕಾ ಕೇಳಿದರು, "ತಮ್ಮಾ, ಅಲ್ಲಿ ಹಂಗ ಒದರಬಾರದಿತ್ತೇನು? ನಾಕು ಮಂದ್ಯಾಗ ನಿನ್ನ ಮಾನ ತಗದೆ."

"ಇಲ್ರಿ ಕಾಕಾ. ಖರೇ ಅಂದ್ರ ನನಗ ಭಾಳ ಖುಷಿ ಆತು."

"ಇರ್ಲಿ ಬಿಡು. ಖುಷಿ ಆಗಿದ್ರ ಹಾಡ್ತಿದ್ದಿ."

ಚುಚ್ಚಿ ಆಡಿದ ಮಾತಲ್ಲ. ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು. ಕಿಟಕಿಯ ಕಡೆ ಮುಖ ತಿರುಗಿಸಿ ಉಣಕಲ್ ಕೆರೆ ನೋಡುತ್ತ ಕೂತುಬಿಟ್ಟರು.

ಇನ್ನು ಬರುವುದಿಲ್ಲ ಅಂದುಕೊಂಡೆ. ಆದರೆ ಬಂದರು. ಶನಿವಾರ ಬಂತೆಂದರೆ ಈಗ ನನಗಿಂತ ಮೊದಲೇ ಅಂಗಡಿಯ ಬಾಗಿಲು ಎಳೆಯಲು ಎದ್ದಿರುತ್ತಾರೆ. ಧೋತರ ಬಿಟ್ಟು ಪ್ಯಾಂಟು ಹಾಕುತ್ತಾರೆ. ಹಿಂದಿನ ಸಾಲಿನ ಗೋಡೆಯ ಬದಿ ಹಿಡಿದು ಕೂರುತ್ತಾರೆ. ಮಕ್ಕಳಿಗೆಲ್ಲ ಅಜ್ಜ ಆಗಿದ್ದಾರೆ. ಆ ಮಕ್ಕಳು ಹೇಗೆ ಚಪ್ಪಾಳೆ ಹೊಡೆಯುತ್ತಾರೆಂದು ನೋಡಿಕೊಂಡು ತಾವೂ ಕಲಿತುಬಿಟ್ಟರು. ಯಾವಾಗ ಶುರು, ಎಲ್ಲಿಗೆ ಸಾಕು, ಎಲ್ಲ. ಸಾಲು ಮರೆತು ನಿಂತವನಿಗೆ ಹೊಡೆದಷ್ಟೇ ನನಗೂ ಹೊಡೆಯುತ್ತಾರೆ. ಕೆಳಗಿಳಿಯುವಾಗ "ಭಾಳ ಛಲೋ ಆತು" ಎನ್ನುತ್ತಾರೆ. ಬಾಗಿಲಲ್ಲಿ ನಿಂತು ಚೇಷ್ಟೆ ಮಾಡುವುದನ್ನೂ ಬಿಟ್ಟರು. ಆ ಚೇಷ್ಟೆ ಎಷ್ಟು ಬೇಕಾಗಿತ್ತೆಂದು ಆಗ ಗೊತ್ತಾಯಿತು.

ನಾನು ಮಾಡದ ಪ್ರಯತ್ನವಿಲ್ಲ. ಬೆರಳು ದಡ್ಡುಗಟ್ಟುವವರೆಗೆ ಸಾಧನೆ ಮಾಡಿದೆ. ಅದೇ ಹಾಡನ್ನು ಎಷ್ಟೋ ಶನಿವಾರ ಹಾಡಿದೆ. ಮೊದಲ ನುಡಿಯ ಕೊನೆಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಕಳೆದ ತಿಂಗಳು ಒಂದು ರವಿವಾರ, ಮಧ್ಯಾಹ್ನದ ಊಟ ಮುಗಿಸಿ ಕಾಕಾ ಪಡಸಾಲೆಯಲ್ಲಿ ಕೂತಿದ್ದರು. ಕಾಕಿ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದರು. ನಾನು ಗಿಟಾರ್ ತಂದು ಅವರ ಮುಂದೆ ಕೂತೆ. ಮೊದಲ ನುಡಿ ಹಾಡಿ ನಿಲ್ಲಿಸಿದೆ. ನಾಚಿಕೆ ಬಿಟ್ಟು ಬಾಯಿ ಬಿಟ್ಟೇ ಹೇಳಿದೆ: "ಕಾಕಾ, ಇಲ್ಲಿ ಯಾರೂ ಇಲ್ಲ. ಎಷ್ಟ ಸಲ ಬೇಕಾದ್ರೂ ಹಾಡ್ತೇನಿ. ಕೇಳ್ರಿ."

ಕಾಕಾ ನನ್ನನ್ನು ನೋಡಿದರು. ಅಂದು ಎದ್ದು ನಿಂತಾಗ ಇದ್ದ ಮುಖವನ್ನು ನಾನು ಅಲ್ಲಿ ಹುಡುಕಿದೆ. "ಮುಂದ ನಡಸಪಾ. ಛಲೋ ನಡದೈತಿ" ಎಂದರು.

ಹಾಡು ಮುಗಿಸಿದೆ. ಕಾಕಾ ಅದೇ ಅಳತೆಯಲ್ಲಿ ಚಪ್ಪಾಳೆ ಹೊಡೆದರು. ಕಾಕಿ ಶೇಂಗಾದ ಬುಟ್ಟಿ ಕೆಳಗಿಟ್ಟು, ಮನಸಾರೆ, ಪಟಪಟನೆ ಹೊಡೆಯತೊಡಗಿದರು. ಕಾಕಾ ಅವರ ಕೈ ತಡೆದು, ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು: "ಹಂಗ ಜೋರ ಅಲ್ಲ, ಹಗೂರ. ಇವರ ಕಡೆ ಹಿಂಗ ಹೊಡೀತಾರ."